ಅಪ್ಪನ ಟ್ಯಾಂಕಿನ ಸದ್ದು

ಬಸ್ಸು ಟೊಮೊಎ ನದಿಯ ಸೇತುವೆಯ ಮೇಲೆ ಎತ್ತಿ ಹಾಕಿದಾಗ ತೊಡೆಯ ಮೇಲಿದ್ದ ಗಂಟಿನ ಮೊನೆ ಶಿಗೆಮಿಯ ಹೊಟ್ಟೆಗೆ ಚುಚ್ಚಿತು. ನೀಲಿ ಬಟ್ಟೆಯಲ್ಲಿ ಸುತ್ತಿ ಮೇಲೆ ಎರಡು ಕಿವಿ ಬರುವಂತೆ ಗಂಟು ಹಾಕಿದ್ದ. ಒಳಗಿದ್ದದ್ದು ಯುದ್ಧದ ಟ್ಯಾಂಕು, ರಿಮೋಟಿನಲ್ಲಿ ಓಡುವ, ನಿಜವಾದದ್ದರ ಹದಿನಾರನೇ ಒಂದು ಭಾಗದಷ್ಟಿರುವ ಟ್ಯಾಂಕು. ಪ್ಲಾಸ್ಟಿಕ್ಕಿನ ಚೈನು ಕಿತ್ತು ಲೋಹದ್ದು ಹಾಕಿ, ಗೇರುಗಳನ್ನೆಲ್ಲ ಉಕ್ಕಿನವು ಮಾಡಿಸಿದ ಮೇಲೆ ಅದು ಎಳೆಮಗುವಿನಷ್ಟು ತೂಗುತ್ತಿತ್ತು. ಭಾನುವಾರಗಳಲ್ಲಿ ಅದು ಗೆಳೆಯ ಕತ್ಸುಮಾತನ ವ್ಯಾನಿನ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಸಿಕೊಂಡು ಹೋಗಿಬರುತ್ತಿತ್ತು. ಇವತ್ತು ಶಿಗೆಮಿ ತಲೆನೋವೆಂದು ಹೇಳಿ ಟ್ಯಾಂಕು ಓಡಿಸುವವರ ಸಂಘದಿಂದ ಮಧ್ಯದಲ್ಲೇ ಎದ್ದು ಬಸ್ಸು ಹತ್ತಿದ್ದ. "ಇರೋ, ನಾನೇ ಬಿಟ್ಟು ಬರ್ತೀನಿ. ತಲೆನೋವಲ್ಲಿ ಅದನ್ನ ಹೊತ್ಕೊಂಡು ಎಲ್ಲಿ ಹೋಗ್ತೀಯ?" ಎಂದು ಕತ್ಸುಮಾತ ಬಾಗಿಲವರೆಗೂ ಬಂದಿದ್ದ. ಅವನ ಮುಖದಲ್ಲಿದ್ದ ಕಾಳಜಿ ನಿಜವಾದದ್ದೇ ಆಗಿತ್ತು. ಅದು ನಿಜವಾಗಿದ್ದದ್ದೇ ಶಿಗೆಮಿಗೆ ಸಹಿಸಲಾಗದೆ ಹೋದದ್ದು.

ಪಕ್ಕದಲ್ಲಿ ಕೂತ ಮುದುಕಿ ಗಂಟನ್ನೇ ನೋಡುತ್ತಿದ್ದಳು. "ಬೆಕ್ಕಾ?" ಎಂದಳು. ಶಿಗೆಮಿ ಹೂಂ ಎಂದ. ಯಾಕೆ ಹಾಗಂದನೋ ಅವನಿಗೇ ತಿಳಿಯಲಿಲ್ಲ. ಐವತ್ತು ದಾಟಿದ, ಟ್ಯೂನಾ ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ಒಂದು ವಿಭಾಗವನ್ನು ನೋಡಿಕೊಳ್ಳುವ ಗಂಡಸು ತೊಡೆಯ ಮೇಲೆ ಆಟದ ಟ್ಯಾಂಕು ಇಟ್ಟುಕೊಂಡಿದ್ದಾನೆ ಎನ್ನುವುದಕ್ಕಿಂತ ಬೆಕ್ಕು ವಾಸಿ ಅನಿಸಿರಬೇಕು. "ಅಲ್ಲಾಡ್ತಾನೇ ಇಲ್ವಲ್ಲಪ್ಪ. ಉಸಿರು ಕಟ್ಟೀತು, ಸ್ವಲ್ಪ ಸಡಿಲ ಮಾಡು." "ಮಲಗಿದೆ." "ಹುಷಾರಿಲ್ವಾ?" "ಹೌದು, ಡಾಕ್ಟರಿಗೆ ತೋರಿಸ್ಕೊಂಡು ಬಂದೆ." "ಏನಂದ್ರು?" ಶಿಗೆಮಿ ಕಿಟಕಿಯ ಕಡೆ ತಿರುಗಿ, "ವಯಸ್ಸಾಗಿದೆ ಅಂದ್ರು" ಎಂದ. ಮುದುಕಿ ನಿಟ್ಟುಸಿರುಬಿಟ್ಟು ಗಂಟಿನ ಮೇಲೆ ಅಂಗೈ ಇಟ್ಟಳು. ಬಟ್ಟೆಯ ಕೆಳಗಿನ ಗಡಸು ತಾಗಿ ಅವಳ ಕೈ ಅಲ್ಲೇ ನಿಂತಿತು. ಇಳಿಯುವಾಗ ಅವನಿಗೆ ತಲೆಬಾಗಿ ನಮಸ್ಕರಿಸಿದಳು ಕೂಡ. ಸುಳ್ಳೆಂದು ತಿಳಿದೂ ಮರ್ಯಾದೆಯಿಂದ ತಲೆಬಾಗುವವರು. ಇಂಥವರ ನಡುವೆಯೇ ತಾನು ಎಷ್ಟು ವರ್ಷಗಳಿಂದ ಓಡಾಡಿಕೊಂಡಿದ್ದೇನೋ ಎಂದುಕೊಂಡಾಗ ಅವನ ಕಿವಿಗಳು ಬಿಸಿಯಾದವು.

ಬೆಳಿಗ್ಗೆ ಎಲ್ಲವೂ ಎಂದಿನಂತೆಯೇ ಇತ್ತು. ಸಮುದಾಯ ಭವನದ ನೆಲದ ಮೇಲೆ ಕ್ಯಾನ್ವಾಸು ಹಾಸಿ, ಜೇಡಿಮಣ್ಣಿನ ದಿಬ್ಬ ಮಾಡಿ, ಚಳಿಗೆ ಕೈ ಉಜ್ಜಿಕೊಳ್ಳುತ್ತ ಸಂಘದವರು ತಮ್ಮ ತಮ್ಮ ಟ್ಯಾಂಕುಗಳನ್ನು ಪೆಟ್ಟಿಗೆಗಳಿಂದ ತೆಗೆಯುತ್ತಿದ್ದರು. ದಿಬ್ಬ ಹತ್ತುವಾಗ ಶಿಗೆಮಿಯ ಟ್ಯಾಂಕಿನ ಸದ್ದು ಇದ್ದಕ್ಕಿದ್ದಂತೆ ನಿಂತುಹೋಯಿತು. ಸ್ಪೀಕರಿನ ತಂತಿ ಬೆಸುಗೆ ಬಿಟ್ಟಿರಬೇಕೆಂದು ಅವನು ಅದನ್ನು ಎತ್ತಿಕೊಂಡು ವೇದಿಕೆಯ ಪರದೆಯ ಹಿಂದೆ ಹೋದ. ಅಲ್ಲೊಂದು ಪ್ಲಗ್ಗು ಇತ್ತು. ಬೆಸುಗೆ ಕಡ್ಡಿ ಬಿಸಿಯಾಗುವುದನ್ನು ಕಾಯುತ್ತ ಮಂಡಿಯೂರಿ ಕೂತಿದ್ದಾಗ ಪರದೆಯ ಆಚೆ ದಂತವೈದ್ಯ ನಾಗಕುರನ ದನಿ ಕೇಳಿಸಿತು. "ಶಿಗೆಮಿಯ ಅಪ್ಪ ಮೂರನೇ ಗೇರಿಗೆ ಹಾಕ್ದಾಗ ಎಂಜಿನ್ನು ಕೆಮ್ಮುತ್ತಿತ್ತಂತೆ. ಹೋದ ತಿಂಗಳು ಎರಡನೇ ಗೇರು ಅಂದಿದ್ದ. ನಾನು ನಾಲಿಗೆ ಕಚ್ಕೊಂಡು ಸುಮ್ನಿದ್ದೆ." ಯಾರೋ ಮೂಗಿನಲ್ಲಿ ನಕ್ಕರು. ಸಂಘಕ್ಕೆ ಹೊಸದಾಗಿ ಸೇರಿದ್ದ, ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ತೆರಾದ ಎಂಬ ಹೆಂಗಸು, ಶಿಗೆಮಿಯ ಮನೆತನದ ಹೆಸರು ಹಿಡಿದು, "ಯಾಕೆ, ಉನ್ನೊ-ಸಾನ್ ಅವರ ತಂದೆ ಟ್ಯಾಂಕು ಓಡಿಸ್ತಿರ್ಲಿಲ್ವಾ?" ಎಂದಳು. ಆಮೇಲೆ ಕತ್ಸುಮಾತ, ಗುಡಿಯಲ್ಲಿ ಮಾತಾಡುವವನ ಹಾಗೆ ದನಿ ತಗ್ಗಿಸಿ ಹೇಳಿದ: "ಓಡಿಸ್ತಿರ್ಲಿಲ್ಲ. ತೊಳೀತಿದ್ರು."

ತಂತಿಯ ತುದಿಯಲ್ಲಿ ಸೀಸ ಕರಗಿ ಬೆಳ್ಳಗೆ ಮಿನುಗಿತು. ಶಿಗೆಮಿ ಅದನ್ನು ನೋಡುತ್ತಲೇ ಇದ್ದ. ಆಚೆಯಿಂದ ಕತ್ಸುಮಾತನ ದನಿ ಒಂದೇ ಸಮ ಬರುತ್ತಿತ್ತು. ಯುದ್ಧದ ಕಾಲ, ಮಂಚೂರಿಯಾದ ಒಂದು ರಿಪೇರಿ ಶೆಡ್ಡು. ಪೆಟ್ಟು ತಿಂದ ಟ್ಯಾಂಕುಗಳನ್ನು ಅಲ್ಲಿಗೆ ಎಳೆದು ತರುತ್ತಿದ್ದರಂತೆ. ಒಳಗಿದ್ದವರನ್ನು ಹೊರಗೆ ತೆಗೆದ ಮೇಲೆ, ತೆಗೆಯಲು ಬಾರದೆ ಉಳಿದದ್ದನ್ನು ಪಂಪು ಹಿಡಿದು ತೊಳೆಯುವುದು ಅಪ್ಪನ ಕೆಲಸ. "ತೊಳೆದು, ಒಣಗಿಸಿ, ಒಳಗೆಲ್ಲ ಬಿಳಿ ಬಣ್ಣ ಹೊಡೆದು ಕೊಡ್ಬೇಕಿತ್ತಂತೆ, ಇನ್ನೊಬ್ಬ ಕೂರೋದಕ್ಕೆ." ಎಂಬತ್ತರ ಮುದುಕ ತನ್ನ ಕೈ ಹಿಡಿದು ಅತ್ತದ್ದನ್ನೂ ಕತ್ಸುಮಾತ ಹೇಳಿದ. ತೆರಾದ, "ಅಯ್ಯೋ, ಮಗನಿಗೆ ಹೇಳ್ಬಾರ್ದಾ ಯಾರಾದ್ರೂ?" ಎಂದಳು. "ಅವನಿಗೆ ಹೇಳಲ್ಲ ಅಂತ ನನ್ನ ಕೈಲಿ ಮಾತು ತಗೊಂಡಿದಾರೆ." "ಮಾತು ಕೊಟ್ಟು ನಮಗೆಲ್ಲ ಹೇಳ್ದೆಯಲ್ಲ ಮಾರಾಯ," ಎಂದ ನಾಗಕುರ. "ನೀವು ಅವನನ್ನ ಅಣಕಿಸ್ತಿದ್ರಿ, ಅದಕ್ಕೆ ಹೇಳ್ದೆ. ನಗಬಾರ್ದು ಅಂತ ಹೇಳಿದ್ದು. ನಗಬೇಡಿ." ಮತ್ತೆ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಶಿಗೆಮಿ ತಂತಿಯನ್ನು ಬೆಸೆದ, ಊದಿದ, ಎಳೆದು ನೋಡಿದ, ಮುಚ್ಚಳದ ಸ್ಕ್ರೂಗಳನ್ನು ತಿರುಗಿಸಿದ. ಟ್ಯಾಂಕನ್ನೆತ್ತಿಕೊಂಡು ವೇದಿಕೆಯ ಹಿಂದಿನ ಬಾಗಿಲಿನಿಂದ ಅಂಗಳ ಸುತ್ತಿ ಒಳಗೆ ಬಂದಾಗ ಎಲ್ಲರೂ ಸ್ವಲ್ಪ ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿದರು. "ಸರಿಹೋಯ್ತಾ?" ಎಂದ ಕತ್ಸುಮಾತ. ಟ್ಯಾಂಕು ಗುಡುಗುಡು ಎನ್ನುತ್ತ ದಿಬ್ಬ ಹತ್ತಿ ಆಚೆ ಇಳಿಯಿತು. ನಾಗಕುರ ಚಪ್ಪಾಳೆ ತಟ್ಟಿದ. ಅವನ ಹಲ್ಲುಗಳು ಬಹಳ ಚೊಕ್ಕವಾಗಿದ್ದವು.

ಅಪ್ಪ ಓಡಿಸಿದನೆಂದು ಶಿಗೆಮಿ ನಂಬಿದ್ದ ಟ್ಯಾಂಕಿನ ಮಾದರಿಯನ್ನು ಆಗ ಯಾವ ಕಂಪನಿಯೂ ಮಾಡುತ್ತಿರಲಿಲ್ಲ. ಅಂಗಡಿಗಳಲ್ಲಿ ಸಿಗುತ್ತಿದ್ದದ್ದು ಜರ್ಮನಿಯವು, ಅಮೆರಿಕದವು, ದೊಡ್ಡ ದೊಡ್ಡ ನಳಿಗೆಯವು. ಶಿಗೆಮಿ ಒಂದು ಜರ್ಮನ್ ಟ್ಯಾಂಕಿನ ತಳವನ್ನು ಕತ್ತರಿಸಿ ಗಿಡ್ಡ ಮಾಡಿ, ಅದರ ಮೇಲೆ ಅಪ್ಪನ ಟ್ಯಾಂಕನ್ನು ಕಟ್ಟಿದ್ದ. ತಗಡು ಕತ್ತರಿಸಿದ, ಸೂಜಿಯ ಮೊನೆಯಷ್ಟಿರುವ ಮೊಳೆತಲೆಗಳನ್ನು ಒಂದೊಂದಾಗಿ ಅಂಟಿಸಿದ, ಗುಂಡು ಹಾರಿದಾಗ ನಳಿಗೆ ಹಿಂದಕ್ಕೆ ಜಿಗಿಯುವಂತೆ ಒಳಗೊಂದು ಸಣ್ಣ ಮೋಟಾರು ಕೂರಿಸಿದ. ಪ್ರತಿಯೊಂದಕ್ಕೂ ಅಪ್ಪನನ್ನು ಕೇಳುತ್ತಿದ್ದ. ಅಪ್ಪ ಕಿಹಚಿ, ಕಾಲಿಗೆ, ಅಡಿಯಲ್ಲಿ ಹೀಟರಿರುವ ಬಿಸಿ ಮೇಜಿನ ಕಂಬಳಿ ಎಳೆದುಕೊಂಡು, ಕಣ್ಣು ಮುಚ್ಚಿ ಯೋಚಿಸಿ ಹೇಳುತ್ತಿದ್ದ: ಒಳಗೆ ಬಿಳಿ ಬಣ್ಣ ಇರಬೇಕು. "ಒಳಗೆ ಯಾರಿಗೂ ಕಾಣಲ್ಲ ಅಪ್ಪ, ಬ್ಯಾಟರಿ ಇರುತ್ತೆ ಅಲ್ಲಿ" ಅಂದರೆ "ಕಾಣದಿದ್ರೂ ಬಿಳೀನೇ" ಎನ್ನುತ್ತಿದ್ದ. ಎಷ್ಟು ಖಚಿತ ಅಪ್ಪನ ನೆನಪು ಎಂದು ಶಿಗೆಮಿಗೆ ಹೆಮ್ಮೆಯಾಗುತ್ತಿತ್ತು. ಸಂಘದಲ್ಲಿ ಅದನ್ನು ಹೇಳಿಕೊಂಡಿದ್ದ. ಹೇಳುವಾಗ ಅವರೆಲ್ಲ ಕಪ್ಪಿನೊಳಗೆ ನೋಡುತ್ತ ಚಹಾ ಕುಡಿದಿದ್ದರು. ಸದ್ದಿನ ವಿಷಯದಲ್ಲಿ ಮಾತ್ರ ಅಪ್ಪನಿಗೆ ಎಂದೂ ಸಮಾಧಾನವಾಗಲಿಲ್ಲ. ಶಿಗೆಮಿ ಮೀನುದೋಣಿಯ ಡೀಸೆಲ್ ಎಂಜಿನ್ನಿನ ಸದ್ದು ಹಿಡಿದು ತಂದ, ಹಳೇ ಬಸ್ಸಿನದು, ಕ್ರೇನಿನದು ತಂದ, ಒಂದರೊಳಗೆ ಒಂದನ್ನು ಬೆರೆಸಿದ. ಸ್ಪೀಕರನ್ನು ಬದಲಾಯಿಸಿ, ಅದು ಗುಂಯ್ಗುಟ್ಟಲೆಂದು ತಳದಲ್ಲಿ ಮರದ ಪೆಟ್ಟಿಗೆ ಕೂರಿಸಿದ. ಅಪ್ಪ ಕಿವಿಗೊಟ್ಟು ಕೇಳಿ, "ಹತ್ತಿರ ಬಂದಿದೆ. ಇದಲ್ಲ" ಎನ್ನುತ್ತಿದ್ದ. ಎಲ್ಲಿಗೆ ಹತ್ತಿರ? ಬಸ್ಸಿಳಿದು ಗಂಟನ್ನು ಎದೆಗೆ ಒತ್ತಿಕೊಂಡು ಏರುದಾರಿಯಲ್ಲಿ ನಡೆಯುತ್ತ ಶಿಗೆಮಿ ಅದನ್ನೇ ಕೇಳಿಕೊಂಡ. ತಾನು ಮಗನೆಂದು ಎದುರಿಗೆ ಕೂತು, ಸ್ಕ್ರೂ ಡ್ರೈವರು ಹಿಡಿದುಕೊಂಡು, ಉತ್ತರಕ್ಕಾಗಿ ಬಾಯಿ ನೋಡುತ್ತಿದ್ದಾಗ ಅಪ್ಪ ಕಣ್ಣು ಮುಚ್ಚಿಕೊಂಡು ಯಾವುದಕ್ಕೆ ಹೋಲಿಸಿ ನೋಡುತ್ತಿದ್ದ?

ಕಿತ್ತಳೆ ತೋಟಗಳ ನಡುವೆ ದಾರಿ ತಿರುಗುವಲ್ಲಿ ಅವನು ನಿಂತು ಗಂಟನ್ನು ಕಲ್ಲುಗೋಡೆಯ ಮೇಲಿಟ್ಟು ತೋಳು ಸಡಿಲಿಸಿಕೊಂಡ. ಹೋದ ಮೇ ತಿಂಗಳ ಪ್ರದರ್ಶನ ನೆನಪಾಯಿತು. ನೆನಪಾಗಲಿಲ್ಲ, ಮೈಮೇಲೆ ಬಂತು. ಅವನ ಮೇಜಿನ ಮುಂದೆ ಜನ ನಿಂತಿದ್ದರು. ಟ್ಯಾಂಕಿನ ಪಕ್ಕದಲ್ಲಿ ಒಂದು ಫಲಕ: ಚಾಲಕ ಉನ್ನೊ ಕಿಹಚಿ ಅವರ ನೆನಪಿನಿಂದ, ಅವರ ಮಗ ಕಟ್ಟಿದ್ದು. ಕುಂಚದಲ್ಲಿ ಅದನ್ನು ಬರೆದುಕೊಟ್ಟವನು ಕತ್ಸುಮಾತ. ಅವನ ಕೈಬರಹ ಚೆಂದ. ಬರೆಯುವ ಮೊದಲು ಶಾಯಿ ತೇಯುತ್ತ ಬಹಳ ಹೊತ್ತು ಕೂತಿದ್ದ. ಚಾಲಕ ಎಂಬ ಪದವನ್ನು ಬರೆಯುವಾಗ ಅವನ ಕೈ ತಡೆಯಿತೇ? ಶಿಗೆಮಿ ನೆನೆಸಿಕೊಳ್ಳಲು ನೋಡಿದ. ತಡೆದಂತೆ ನೆನಪಿರಲಿಲ್ಲ. ಒಬ್ಬ ವೃದ್ಧ, ಕೋಟಿನ ಮೇಲೆ ಪದಕ ಸಿಕ್ಕಿಸಿಕೊಂಡವನು, ಫಲಕ ಓದಿ ಶಿಗೆಮಿಗೆ ಸೊಂಟದವರೆಗೆ ಬಾಗಿ ವಂದಿಸಿದ್ದ. ಶಿಗೆಮಿಯೂ ಬಾಗಿದ. ಅವನ ಹಿಂದೆ ಸಾಲಾಗಿ ನಿಂತಿದ್ದ ಸಂಘದವರೂ ಬಾಗಿದರು. ನಾಗಕುರನೂ. ಆಗ ತನ್ನ ಬೆನ್ನಿನ ಹಿಂದೆ ಅವರ ಮುಖಗಳು ಹೇಗಿದ್ದವು ಎಂಬುದನ್ನು ಇನ್ನು ಬದುಕಿರುವವರೆಗೂ ಊಹಿಸುತ್ತಲೇ ಇರಬೇಕು. ಮತ್ತೆ ಅಪ್ಪ? ಪ್ರದರ್ಶನಕ್ಕೆ ಬನ್ನಿ ಎಂದರೆ ಮಂಡಿನೋವು ಎಂದಿದ್ದ. ಸಂಜೆ ಬಂದು ವೃದ್ಧನ ಸಂಗತಿ ಹೇಳಿದಾಗ ಕಂಬಳಿಯನ್ನು ಎದೆಯವರೆಗೆ ಎಳೆದುಕೊಂಡು, "ಅವರ ಹೆಸರೇನು ಅಂದ್ರು?" ಎಂದಷ್ಟೇ ಕೇಳಿದ್ದ.

ಮನೆಯಲ್ಲಿ ಅಪ್ಪ ಮಲಗಿದ್ದ. ಹೆಂಡತಿ ಫುಸಾಯೆ ಅಡುಗೆಮನೆಯಲ್ಲಿ ಕೂತು ಮೂಲಂಗಿ ಹೆರೆಯುತ್ತಿದ್ದಳು. ಇಷ್ಟು ಬೇಗ ಯಾಕೆ ಬಂದಿರಿ ಎಂದಳು. ಶಿಗೆಮಿ ಗಂಟನ್ನು ನೆಲಕ್ಕಿಟ್ಟು, ಕೋಟು ಕೂಡ ತೆಗೆಯದೆ, ಬಾಗಿಲಿಗೆ ಒರಗಿ ನಿಂತು ಹೇಳಿಬಿಟ್ಟ. ಹೇಳುವಾಗ ಮಾತು ಸಲೀಸಾಗಿ ಬಂದದ್ದು ಅವನಿಗೇ ಆಶ್ಚರ್ಯವೆನಿಸಿತು. "ಅಪ್ಪ ಟ್ಯಾಂಕು ಓಡಿಸ್ತಾನೇ ಇರ್ಲಿಲ್ವಂತೆ. ಸತ್ತವರ ಟ್ಯಾಂಕು ತೊಳೀತಿದ್ರಂತೆ." ಮೂಲಂಗಿಯ ಮೇಲೆ ಫುಸಾಯೆಯ ಕೈ ನಿಂತಿತು. ಅವಳು ತಲೆಯೆತ್ತಿ ಕೇಳಿದಳು:

"ನಿಮಗೆ ಯಾರು ಹೇಳಿದ್ರು?"

ಶಿಗೆಮಿ ಅವಳನ್ನೇ ನೋಡಿದ. ತಾನು ಏನಂದೆ ಎಂದು ಅವಳಿಗೂ ಗೊತ್ತಾಯಿತು. ಹೆರೆಮಣೆಯನ್ನು ಪಕ್ಕಕ್ಕಿಟ್ಟು ಕೈ ಒರೆಸಿಕೊಂಡಳು. "ಮಾವನೇ ಹೇಳಿದ್ರು. ಉಗುರು ಕತ್ತರಿಸ್ತಿದ್ದೆ. ಅವರ ಉಗುರು ನೋಡಿ, ಎಷ್ಟು ಚೊಕ್ಕ ಇಟ್ಕೊಂಡಿದೀರಿ ಮಾವ ಅಂದೆ. ಅಷ್ಟೇ ಅಂದದ್ದು ನಾನು."

"ಯಾವಾಗ?"

"ಆಯ್ತು ಸುಮಾರು ದಿನ."

"ಗೊತ್ತಿಲ್ದವನು ನಾನೊಬ್ಬನೇ ಏನು ಹಾಗಾದ್ರೆ? ಪೋಸ್ಟಾಫೀಸಿನ ಹೆಂಗಸಿಗೂ ಗೊತ್ತು ಈಗ. ಅವಳು ಸಂಘ ಸೇರಿ ತಿಂಗಳಾಗಿಲ್ಲ."

"ಹೇಳ್ಬೇಕು ಅಂತ ಎಷ್ಟೋ ಸಲ ಬಂದಿದೀನ್ರೀ. ನೀವು ಆ ದೀಪ ಹಾಕ್ಕೊಂಡು ಟ್ಯಾಂಕಿನ ಮುಂದೆ ಕೂತಿರ್ತಿದ್ರಿ. ನಿಮ್ಮ ಮುಖ ನೋಡಿ ವಾಪಸ್ ಹೋಗ್ತಿದ್ದೆ." ಅವಳು ಸ್ವಲ್ಪ ತಡೆದು, "ಅಂಥ ಮುಖ ಬೇರೆ ಯಾವುದರ ಮುಂದೂ ನಾನು ನೋಡಿಲ್ಲ" ಎಂದಳು. ಅದರಲ್ಲಿ ಆರೋಪವಿತ್ತೋ ಇಲ್ಲವೋ ಹೇಳುವಂತಿರಲಿಲ್ಲ. ಅವಳು ಮತ್ತೆ ಮೂಲಂಗಿ ಹೆರೆಯತೊಡಗಿದಳು. ಹಿಟ್ಟಿನಂತೆ ಬೆಳ್ಳಗೆ ಅದು ಬಟ್ಟಲಲ್ಲಿ ತುಂಬಿ ನೀರು ಬಿಡುತ್ತಿತ್ತು.

ಆ ಸಂಜೆ ಊಟಕ್ಕೆ ಕೂತಾಗ ಅಪ್ಪ ಮೀನಿನ ಮುಳ್ಳನ್ನು ಬಾಯಿಂದ ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತ, "ಇವತ್ತು ಹೇಗೆ ಓಡ್ತು?" ಎಂದು ಕೇಳಿದ. ಎಂದಿನ ಪ್ರಶ್ನೆ. "ಚೆನ್ನಾಗಿ ಓಡ್ತು" ಎಂದ ಶಿಗೆಮಿ. ಆಮೇಲೆ, ತನ್ನ ದನಿ ತನಗೇ ಬೇರೆಯವರದಂತೆ ಕೇಳಿಸುತ್ತಿರುವಾಗ, "ಅಪ್ಪ, ಏರು ಹತ್ತೋವಾಗ ಎಡಗಡೆ ಲಿವರು ಮೊದ್ಲು ಎಳೀತಿದ್ರೋ ಬಲಗಡೇದೋ?" ಎಂದ. ಫುಸಾಯೆ ಬಟ್ಟಲು ಕೆಳಗಿಟ್ಟಳು. ಅಪ್ಪ ಯೋಚಿಸಿದ. "ನೆಲ ನೋಡ್ಕೊಂಡು" ಎಂದ. "ಕೆಸರಾದ್ರೆ?" "ಕೆಸರಾದ್ರೆ... ಅದು ಬೇರೆ." "ಬೇರೆ ಅಂದ್ರೆ ಹೇಗೆ?" "ಸಾಕು, ಊಟ ಮಾಡ್ಲಿ ಅವರು" ಎಂದಳು ಫುಸಾಯೆ. ಅಪ್ಪನ ಕಿವಿಯ ತುದಿ ಕೆಂಪಾಗಿತ್ತು. ಶಾಲೆಯಲ್ಲಿ ಉತ್ತರ ಬಾರದೆ ನಿಂತ ಹುಡುಗನ ಕಿವಿಯ ಹಾಗೆ. ಆ ಕಿವಿಗಳನ್ನು ನೋಡಿದಾಗ ಶಿಗೆಮಿಗೆ ಸುಖವಾಯಿತು. ಸುಖವಾದದ್ದು ತಿಳಿದು ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅವನಿಗೂ ಒಮ್ಮೆ ಶಾಲೆಯಲ್ಲಿ ಹಾಗೇ ಆಗಿತ್ತು, ಎಲ್ಲರ ಅಪ್ಪಂದಿರೂ ಯುದ್ಧದಲ್ಲಿ ಏನು ಮಾಡಿದರೆಂದು ಹುಡುಗರು ಹೇಳಿಕೊಳ್ಳುತ್ತಿದ್ದಾಗ. ಮನೆಗೆ ಬಂದು ಅಪ್ಪನನ್ನು ಕೇಳಿದ್ದ. ಬಲೆ ಹೆಣೆಯುತ್ತ ಕೂತಿದ್ದ ಅಪ್ಪ ಬಹಳ ಹೊತ್ತಿನ ಮೇಲೆ, "ಟ್ಯಾಂಕಿನೊಳಗೆ ಇರ್ತಿದ್ದೆ" ಎಂದಿದ್ದ. ಅಷ್ಟೇ. "ಓಡಿಸ್ತಿದ್ರಾ?" ಎಂದು ಕೇಳಿದವನು ಶಿಗೆಮಿ. ಅಪ್ಪ ಬಲೆಯ ಕಣ್ಣಿನಿಂದ ದಾರ ಎಳೆದು, ಹೂಂ ಎಂದದ್ದೋ, ದಾರ ಕಚ್ಚಿ ಕತ್ತರಿಸಿದ ಸದ್ದೋ. ಇಷ್ಟು ವರ್ಷ ಅದು ಹೂಂ ಎಂದೇ ಇತ್ತು. ಈಗ ತಾನು ಅದನ್ನು ಎಷ್ಟು ಸಲ ಕೇಳಿಸಿಕೊಂಡರೂ ಬರೀ ದಾರದ ಸದ್ದು. ಹಾಗಾದರೆ ಸುಳ್ಳು ಯಾರದು? ಈ ಯೋಚನೆ ಬಂದಾಗ ಅವನ ಸಿಟ್ಟು ತಣಿಯಬೇಕಿತ್ತು. ಅದು ಇನ್ನೂ ಉರಿಯಿತು. ನಿಜ ಹೇಳಲು ಅಪ್ಪನಿಗೆ ಬಾಯಿ ಬರುತ್ತಿತ್ತು; ಕತ್ಸುಮಾತನ ಮುಂದೆ ಬಂದಿತ್ತು, ಫುಸಾಯೆಯ ಮುಂದೆ ಬಂದಿತ್ತು.

ಕತ್ಸುಮಾತನಿಗೆ ಹೇಳಿದ್ದು ಎಲ್ಲಿ ಎಂಬುದನ್ನು ಅವನು ಲೆಕ್ಕ ಹಾಕಿ ಕಂಡುಕೊಂಡ. ಟ್ಯಾಂಕು ಪಡೆಯಲ್ಲಿದ್ದ ಹಳಬರು ಬೆಟ್ಟದ ಬುಡದ ಒಂದು ಗುಡಿಯಲ್ಲಿ ವರ್ಷಕ್ಕೊಮ್ಮೆ ಸೇರುತ್ತಿದ್ದರು. ಗುಡಿಯಂಗಳದಲ್ಲಿ ಯಾವುದೋ ದ್ವೀಪದಿಂದ ತಂದ ತುಕ್ಕು ಹಿಡಿದ ಟ್ಯಾಂಕೊಂದು ನಿಂತಿತ್ತು. ಅಪ್ಪನನ್ನು ಅಲ್ಲಿಗೆ ಕರೆದೊಯ್ಯಬೇಕೆಂದು ಹಟ ಹಿಡಿದವನು ಶಿಗೆಮಿಯೇ. ಆ ದಿನ ಕಾರ್ಖಾನೆಗೆ ಮೀನಿನ ಹಡಗು ಬಂದು ಅವನಿಗೆ ರಜೆ ಸಿಗಲಿಲ್ಲ. ಕತ್ಸುಮಾತ ತನ್ನ ವ್ಯಾನಿನಲ್ಲಿ ಕರೆದುಕೊಂಡು ಹೋದ. ತಂದೆಯನ್ನು ಎಳವೆಯಲ್ಲೇ ಕಳೆದುಕೊಂಡಿದ್ದ ಕತ್ಸುಮಾತ ಇವನ ಅಪ್ಪನನ್ನು ಅಪ್ಪ ಎಂದೇ ಕರೆಯುತ್ತಿದ್ದ. ವಾಪಸು ಬಂದಾಗ ಇಬ್ಬರೂ ಬೆಟ್ಟದ ನೀರಿನ ಮೀನು ತಿಂದೆವೆಂದು ಹೇಳಿದರು. ಗುಡಿ ಚೆನ್ನಾಗಿತ್ತು ಎಂದ ಅಪ್ಪ. ಆವತ್ತಿನಿಂದ ಕತ್ಸುಮಾತ ಬಂದಾಗಲೆಲ್ಲ ಅವನ ಬಟ್ಟಲಿಗೆ ಅಪ್ಪನೇ ಮದ್ಯ ಬಗ್ಗಿಸುತ್ತಿದ್ದದ್ದನ್ನು ಶಿಗೆಮಿ ನೋಡಿದ್ದ. ನೋಡಿ ಸಂತೋಷಪಟ್ಟಿದ್ದ.

ಆ ವಾರ ಕೆಲಸದಿಂದ ಬಂದವನು ಟ್ಯಾಂಕನ್ನು ಬಿಚ್ಚಿ ಹರಡಿಕೊಂಡು ಕೂರುತ್ತಿದ್ದ, ಆದರೆ ಏನನ್ನೂ ಮಾಡುತ್ತಿರಲಿಲ್ಲ. ಒಳಗಿನ ಬಿಳಿಯನ್ನು ನೋಡುತ್ತಿದ್ದ. ಬ್ಯಾಟರಿ ಜಾರಿ ಉಜ್ಜಿದಲ್ಲಿ ಬಣ್ಣ ಮಾಸಿತ್ತು. ಶುಕ್ರವಾರ ದಾರಿಯಲ್ಲಿ ಪಕ್ಕದ ತೋಟದವರು ಕಿತ್ತಳೆಯ ಕ್ರೇಟುಗಳನ್ನು ಅಂಗಳದಲ್ಲಿ ಹರಡಿಕೊಂಡು ತೊಳೆಯುತ್ತಿದ್ದರು. ಒಂದು ಹಳೇ ಎಂಜಿನ್ನಿನ ಪಂಪು, ತಗಡಿನ ಮೇಲೆ ಕುಣಿಯುತ್ತ, ಒಮ್ಮೆ ಉಸಿರು ಕಟ್ಟಿ ಒಮ್ಮೆ ಏದುತ್ತ ನೀರು ಉಗುಳುತ್ತಿತ್ತು. ಶಿಗೆಮಿ ನಿಂತ. ಚೀಲದಲ್ಲಿ ಸದ್ದು ಹಿಡಿಯುವ ಯಂತ್ರ ಇದ್ದೇ ಇತ್ತು. "ಇದು ಬೇಕಾ ನಿಮಗೆ?" ಎಂದು ತೋಟದವನು ನಕ್ಕ, "ಇದು ಟ್ಯಾಂಕಲ್ಲ ಉನ್ನೊ-ಸಾನ್, ಇದು ನಮ್ಮಜ್ಜನ ಕಾಲದ್ದು." ಏನಾದರೂ ಒಂದು ಸದ್ದು ಸಾಕು ಎಂದುಕೊಂಡಿದ್ದ ಶಿಗೆಮಿ. ಅಪ್ಪನ ಮುಂದೆ ಯಾವುದೋ ಒಂದನ್ನು ಹಾಕುವುದು, ಈಗ ಸರಿಯಾಯಿತೇ ಎನ್ನುವುದು, ಅವನು ಕಣ್ಣು ಮುಚ್ಚಿ ಹೂಂ ಇದೇ ಎಂದರೆ ಆ ಮುಖವನ್ನು ಒಮ್ಮೆ ಚೆನ್ನಾಗಿ ನೋಡುವುದು. ಅಷ್ಟೇ ತನ್ನ ಮನಸ್ಸಿನಲ್ಲಿದ್ದದ್ದು ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಪಂಪು ಎಂಬುದು ಹೊಳೆಯಲೇ ಇಲ್ಲವೆಂದು. ಆದರೆ ನೀರು ತಗಡಿಗೆ ಬಡಿಯುವ ಸದ್ದೂ ಸಿಗಲೆಂದು ಅವನು ಯಂತ್ರವನ್ನು ಕ್ರೇಟಿನ ಹತ್ತಿರ ಹಿಡಿದಿದ್ದ. ಅಷ್ಟು ಅವನ ಕೈಗೆ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಬಿಸಿಲು ಚಾಪೆಯ ಅರ್ಧಕ್ಕೆ ಬಂದಿತ್ತು. ಅಪ್ಪ ಬಿಸಿ ಮೇಜಿಗೆ ಕಾಲು ಚಾಚಿ ಕಿತ್ತಳೆ ಸುಲಿಯುತ್ತಿದ್ದ. ಶಿಗೆಮಿ ಟ್ಯಾಂಕನ್ನು ಚಾಪೆಯ ಆ ತುದಿಗಿಟ್ಟು, "ಹೊಸ ಸದ್ದು ಹಾಕಿದೀನಿ, ಕೇಳಿ" ಎಂದ. "ಮತ್ತೆ ಹಾಕಿದ್ಯಾ?" ಎಂದು ಅಪ್ಪ ಸಣ್ಣಗೆ ನಕ್ಕ. ಆ ನಗುವಿನಲ್ಲಿ ಮಗನ ಬಗೆಗಿದ್ದ ಮೆಚ್ಚುಗೆಯನ್ನು ಶಿಗೆಮಿ ಕಂಡ, ಇನ್ನೂ ತಡೆಯಬಹುದಿತ್ತು. ರಿಮೋಟಿನ ಸನ್ನೆಕೋಲನ್ನು ಮುಂದಕ್ಕೆ ತಳ್ಳಿದ.

ಟ್ಯಾಂಕು ಏದುತ್ತ ಹೊರಟಿತು. ಅಪ್ಪ ರೂಢಿಯಂತೆ ಕಣ್ಣು ಮುಚ್ಚಿದ. ಪಂಪು ಉಸಿರು ಕಟ್ಟಿತು, ಬಿಟ್ಟಿತು, ನೀರು ತಗಡಿಗೆ ಅಪ್ಪಳಿಸಿತು. ಅಪ್ಪನ ಕಣ್ಣು ತೆರೆಯಿತು. ಅವನು ಟ್ಯಾಂಕನ್ನು ನೋಡಲಿಲ್ಲ. ತನ್ನ ತೋಳುಗಳನ್ನು ನೋಡಿಕೊಂಡು, ಅಂಗಿಯ ಒಂದು ತೋಳನ್ನು ಮೊಣಕೈಯ ಮೇಲಕ್ಕೆ ಮಡಿಸಿದ, ಆಮೇಲೆ ಇನ್ನೊಂದನ್ನು, ನಿಧಾನವಾಗಿ, ಕೆಲಸಕ್ಕೆ ಇಳಿಯುವವನ ಹಾಗೆ. ಅರ್ಧ ಸುಲಿದ ಕಿತ್ತಳೆ ಕಂಬಳಿಯ ಮೇಲೆ ಉರುಳಿತು. ಟ್ಯಾಂಕು ಹತ್ತಿರ ಹತ್ತಿರ ಬಂದು ಬಿಸಿ ಮೇಜಿನ ಕಾಲಿಗೆ ತಾಗಿ, ಮುಂದೆ ಹೋಗಲಾರದೆ, ಚೈನುಗಳನ್ನು ಚಾಪೆಯ ಮೇಲೆ ಉಜ್ಜುತ್ತ ಅಲ್ಲೇ ನಿಂತಿತು. "ಇನ್ನೂ ಇದೆ ಒಳಗೆ" ಎಂದ ಅಪ್ಪ. ಯಾರಿಗೆ ಹೇಳಿದನೋ. "ಕೈ ಹಾಕಿ ತೆಗೀಬೇಕು. ನೀರಿಗೆ ಬರಲ್ಲ ಅದು." ಬಗ್ಗಿ, ಟ್ಯಾಂಕಿನ ಗೋಪುರದ ಮೇಲಿನ ಸಣ್ಣ ಮುಚ್ಚಳವನ್ನು ಉಗುರಿನಿಂದ ತೆರೆಯಲು ನೋಡಿದ. ಅದು ತೆರೆಯುವಂಥದ್ದಾಗಿರಲಿಲ್ಲ, ಶಿಗೆಮಿ ಅದನ್ನು ಅಂಟಿಸಿಬಿಟ್ಟಿದ್ದ. ಅಪ್ಪ ಕೆರೆಯುತ್ತಲೇ ಇದ್ದ.

"ಅಪ್ಪ" ಎಂದ ಶಿಗೆಮಿ. ಸನ್ನೆಕೋಲನ್ನು ಬಿಟ್ಟರೂ ಸದ್ದು ನಿಲ್ಲಲಿಲ್ಲ. ಎಂಜಿನ್ನು ಆರಿಸುವ ಗುಂಡಿಯನ್ನು ಹುಡುಕಲು ಅವನ ಬೆರಳುಗಳಿಗೆ ಆಗಲಿಲ್ಲ. ಫುಸಾಯೆ ಒಳಗಿಂದ ಓಡಿಬಂದಳು. ಅವಳೇ ಟ್ಯಾಂಕನ್ನು ಎತ್ತಿ ಮಗುಚಿ, ತಳದಲ್ಲಿದ್ದ ಸ್ವಿಚ್ಚನ್ನು ಆರಿಸಿದಳು. ಅದು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಮನೆ ನಿಶ್ಶಬ್ದವಾಯಿತು. ಅಪ್ಪ ತನ್ನ ಅಂಗೈಗಳನ್ನು ಕಂಬಳಿಗೆ ಒರೆಸುತ್ತಿದ್ದ. ಮುಂದಕ್ಕೂ ಹಿಂದಕ್ಕೂ. ಶಿಗೆಮಿ ಮಂಡಿಯೂರಿ ಆ ಕೈಗಳನ್ನು ಹಿಡಿದುಕೊಂಡ. "ಅಪ್ಪ, ನಾನು. ನನಗೆ ಗೊತ್ತಾಯ್ತು. ಹೇಳಿ, ನನ್ನ ಹತ್ರ ಹೇಳಿ." ಅಪ್ಪ ಅವನ ಮುಖವನ್ನು ಬಹಳ ಹೊತ್ತು ನೋಡಿದ. ಗುರುತು ಸಿಗದೆ ನೋಡಿದ್ದಲ್ಲ, ಗುರುತು ಸಿಕ್ಕಿಯೇ. ಆಮೇಲೆ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡ.

"ಕತ್ಸುಮಾತನನ್ನ ಕರಿ" ಎಂದ.

ಫೋನು ಹಜಾರದಲ್ಲಿತ್ತು. ಶಿಗೆಮಿ ನಿಂತುಕೊಂಡು ಮಾಡಿದ. "ಅಪ್ಪ ನಿನ್ನ ಕರೀತಿದಾರೆ" ಎಂದ. ಏನಾಯಿತೆಂದು ಕತ್ಸುಮಾತ ಕೇಳಲಿಲ್ಲ; ಬಂದೆ ಎಂದ. ವ್ಯಾನು ಏರು ಹತ್ತುವ ಸದ್ದು ಕೇಳಿದಾಗ ಶಿಗೆಮಿ ಮುಂಬಾಗಿಲಲ್ಲಿ ನಿಂತಿದ್ದ. ಮನೆಯಲ್ಲಿ ಹಾಕುವ ಸ್ವೆಟರಿನಲ್ಲೇ ಬಂದಿದ್ದ ಕತ್ಸುಮಾತ ಬೂಟು ಬಿಚ್ಚಲು ಬಗ್ಗಿದವನು, ಇವನ ಮುಖ ನೋಡಿ, ಹಾಗೇ ಬಗ್ಗಿದ್ದಂತೆಯೇ ಕೇಳಿದ: "ಯಾವಾಗಿಂದ ಗೊತ್ತು ನಿಂಗೆ?"

"ನೀನೇ ಹೇಳಿದ್ಯಲ್ಲ, ಭಾನುವಾರ. ಪರದೆ ಹಿಂದೆ ಇದ್ದೆ."

ಕತ್ಸುಮಾತ ಒಂದು ಬೂಟು ಬಿಚ್ಚಿದ. "ನಿಂಗೆ ಹೇಳ್ಬೇಡ ಅಂತ ಮಾತು ತಗೊಂಡಿದ್ರು ಕಣೋ."

"ನಾಗಕುರನಿಗೆ ಹೇಳು ಅಂತಾನೂ ತಗೊಂಡಿದ್ರಾ?"

ಇನ್ನೊಂದು ಬೂಟಿನ ಲಾಡಿ ಗಂಟಾಗಿತ್ತು; ಕತ್ಸುಮಾತ ಎಳೆದ, ಬಿಚ್ಚಿಕೊಳ್ಳಲಿಲ್ಲ. "ಒಬ್ಬನೇ ಇಟ್ಕೊಳ್ಳೋಕೆ ಆಗ್ಲಿಲ್ಲ" ಎಂದ ಕೊನೆಗೆ, ಲಾಡಿಗೆ ಹೇಳುವಂತೆ. "ಅವರು ಹೇಳಿದ್ದು ನೀನು ಕೇಳಿಲ್ಲ. ಕೇಳಿದ್ರೆ ನಿಂಗೂ ಆಗ್ತಿರ್ಲಿಲ್ಲ." ಕೇಳಿಲ್ಲ ಎಂಬ ಪದ ಶಿಗೆಮಿಗೆ ಕೆನ್ನೆಗೆ ಹೊಡೆದಂತಾಯಿತು. ಆದರೂ ಅವನು ಬಗ್ಗಿ, ಕತ್ಸುಮಾತನ ಲಾಡಿಯ ಗಂಟನ್ನು ತಾನೇ ಬಿಚ್ಚಿದ. ಸಣ್ಣ ಗಂಟುಗಳಿಗೆ ಅವನ ಬೆರಳು ಪಳಗಿದ್ದವು. ಒಳಗಿನಿಂದ ಅಪ್ಪನ ದನಿ ಬಂತು: "ಕತ್ಸ್ಯಾನ್, ಬಂದ್ಯಾ?" ಆ ಅಡ್ಡಹೆಸರನ್ನು ಅಪ್ಪ ಕರೆದದ್ದನ್ನು ಶಿಗೆಮಿ ಎಂದೂ ಕೇಳಿರಲಿಲ್ಲ.

ಕತ್ಸುಮಾತ ಒಳಗೆ ಹೋಗಿ ಕಾಗದದ ಬಾಗಿಲನ್ನು ಸರಿಸಿ ಮುಚ್ಚಿದ. ಬಿಸಿಲಿನಿಂದಾಗಿ ಕಾಗದದ ಮೇಲೆ ಎರಡು ನೆರಳುಗಳು ಮೂಡಿದವು. ಒಂದು ಇನ್ನೊಂದರ ಹತ್ತಿರ ಸರಿದು ಕೂತಿತು. ಆಮೇಲೆ ಅಪ್ಪನ ದನಿ. ಅದು ಶಿಗೆಮಿಗೆ ಗೊತ್ತಿದ್ದ ದನಿಯಲ್ಲ. ಯೋಚಿಸಿ ಯೋಚಿಸಿ ಒಂದೊಂದೇ ಮಾತು ಇಡುವ ಅಪ್ಪನದಲ್ಲ. ತಡೆಯಿಲ್ಲದೆ, ಚಿಕ್ಕವನೊಬ್ಬನ ದನಿಯಂತೆ, ಒಮ್ಮೊಮ್ಮೆ ಮೇಲಕ್ಕೇರಿ ಬಿರುಕು ಬಿಡುತ್ತ ಅದು ಹರಿಯುತ್ತಿತ್ತು. ಪದಗಳು ತಿಳಿಯುತ್ತಿರಲಿಲ್ಲ. ಚಳಿಗಾಲ ಎಂದದ್ದು ಕೇಳಿಸಿತು, ಬೂಟು ಎಂದದ್ದು, ಯಾರದೋ ಹೆಸರು. ಆ ಹೆಸರನ್ನು ಅಪ್ಪ ಎರಡು ಸಲ ಹೇಳಿದ, ಎರಡನೇ ಸಲ ಕೂಗಿ ಕರೆಯುವಂತೆ. ಫುಸಾಯೆ ಚಹಾದ ತಟ್ಟೆ ತಂದವಳು ಬಾಗಿಲ ಮುಂದೆ ನಿಂತು, ಕೇಳಿ, ವಾಪಸು ಹೋದಳು. ಹೋಗುವಾಗ ಶಿಗೆಮಿಯ ತೋಳನ್ನು ಮುಟ್ಟಿದಳು. ಅವನು ತೋಳು ಎಳೆದುಕೊಂಡ.

ಆ ಹೆಸರು ಏನೆಂದು ಅವನಿಗೆ ತಿಳಿಯಬೇಕಿತ್ತು. ಬೇರೇನೂ ಬೇಡ, ಅದೊಂದು. ಅವನು ಕಾಲ್ಚೀಲದ ಕಾಲಿನಲ್ಲಿ ಒಂದು ಹೆಜ್ಜೆ ಮುಂದಿಟ್ಟ, ಗೋಡೆ ಹಿಡಿದು ಇನ್ನೊಂದು. ಬಾಗಿಲಿಗೆ ಕಿವಿ ತಾಗುವಷ್ಟು ಹತ್ತಿರ ಬಂದಾಗ ಹಲಗೆ ಕಿರುಗುಟ್ಟಿತು. ಒಳಗೆ ಅಪ್ಪನ ಮಾತು ಅರ್ಧಕ್ಕೇ ನಿಂತಿತು. ನೆರಳುಗಳೆರಡೂ ಬಾಗಿಲ ಕಡೆ ತಿರುಗಿದವು.

"ಯಾರದು?" ಎಂದ ಅಪ್ಪ.

ಶಿಗೆಮಿ ಉಸಿರು ಹಿಡಿದ. ಹೇಳು, ಎಂದು ಅವನು ಕತ್ಸುಮಾತನಿಗೆ ಮನಸ್ಸಿನಲ್ಲೇ ಹೇಳಿದ. ಹೇಳೋ. ಕಾಗದದ ಆಚೆ ಕತ್ಸುಮಾತನ ನೆರಳು ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಅದು ಅಪ್ಪನ ಕಡೆಗೆ ತಿರುಗಿತು.

"ಯಾರೂ ಇಲ್ಲ ಅಪ್ಪ" ಎಂದಿತು. "ನೀವು ಹೇಳಿ."